ರೊಟ್ಟಿ ತಿರುವುವಷ್ಟು ಹೊತ್ತಿನ ವಾಕ್ಯಗಳು

ನರಗುಂದದ ಬೀಗರ ಮನೆಯಲ್ಲಿ ಒಂದು ಕತೆ ಚಾಲ್ತಿಯಲ್ಲಿದೆ. ನನ್ನ ಕಾದಂಬರಿಗಳು ಆಡಿಯೊ ಪುಸ್ತಕಗಳಾಗುವಾಗ ಅವನ್ನು ನಮ್ಮ ವೈನಿಯೇ ಓದಬೇಕೆಂದು ನಾನು ಬೆಂಗಳೂರಿನ ಕಂಪನಿಯವರೊಂದಿಗೆ ಫೋನಿನಲ್ಲಿ ಎರಡು ತಾಸು ವಾದ ಮಾಡಿದೆನಂತೆ. ಅವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲವಂತೆ. ರೋಣದಲ್ಲಿ ಅಣ್ಣನ ಕಿರಾಣಿ ಅಂಗಡಿಯ ಕಟ್ಟೆಯ ಮೇಲೂ ಇದೇ ಮಾತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯನ್ನು ‘ಸಾಕ್ಷಿ ಎಲ್ಲಿ?’ ಎಂದು ಕೇಳಿ ಕೇಳಿಯೇ ಗೆದ್ದವನು ನಾನು. ಈ ಕತೆಗೆ ಮಾತ್ರ ಯಾರೂ ಸಾಕ್ಷಿ ಕೇಳಿಲ್ಲ. ಕೇಳಿದ್ದರೆ ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ. ನಾನು ಯಾರೊಂದಿಗೂ ವಾದ ಮಾಡಿಲ್ಲ. ವೈನಿಯ ದನಿಯನ್ನು ಕಂಪನಿಗೆ ಕಳಿಸಿಯೇ ಇಲ್ಲ.

ನನ್ನ ಎರಡೂ ಕಾದಂಬರಿಗಳ ಮೊದಲ ಓದುಗರು ವೈನಿ, ನನ್ನ ಅಣ್ಣನ ಹೆಂಡತಿ. ಅವರು ಕೂತು ಓದಿದವರಲ್ಲ, ರೊಟ್ಟಿ ಬಡಿಯುತ್ತ ಓದಿದವರು. ಬರೆದದ್ದನ್ನು ಮುಂಜಾನೆ ಅವರ ಫೋನಿಗೆ ಕಳಿಸುತ್ತಿದ್ದೆ. ಅವರು ಫೋನನ್ನು ಖಾರಪುಡಿಯ ಡಬ್ಬಿಗೆ ಆನಿಸಿ ನಿಲ್ಲಿಸಿ, ಹಿಟ್ಟು ನಾದುತ್ತ ದೊಡ್ಡ ದನಿಯಲ್ಲಿ ಶುರು ಮಾಡುವರು. ಅವರ ಕೈಗೆ ಹಿಟ್ಟು ಹತ್ತಿರುತ್ತಿದ್ದರಿಂದ ಪುಟ ಸರಿಸುವುದು ನನ್ನ ಕೆಲಸ. ಸ್ವಂತ ಬರಹ ಹೇಗಿದೆಯೆಂದು ನನಗೆ ತಿಳಿಯುತ್ತಿದ್ದದ್ದು ಆ ಒಲೆಯ ಪಕ್ಕದಲ್ಲಿಯೇ.

“ಏನಪಾ, ಇಷ್ಟುದ್ದ ವಾಕ್ಯ ಬರದ್ರ ಹ್ಯಾಂಗ? ನಿಂದು ಮುಗಿಯೂದ್ರಾಗ ನಂದು ಹೊತ್ತತೈತಿ.”

“ಓದೂದು ಬಿಟ್ಟು ರೊಟ್ಟಿ ತಿರುವ್ರಿ ವೈನಿ.”

“ಮಾತು ನಡುವ ಬಿಟ್ಟು ಹ್ಯಾಂಗ ತಿರುವ್ಲಿ? ನೀನ ಒಂದು ಚುಕ್ಕಿ ಇಡು.”

ಇಟ್ಟೆ. ಹೀಗೆ ನನ್ನ ವಾಕ್ಯಗಳು ಹಂಚಿನ ಮೇಲಿನ ರೊಟ್ಟಿ ತಿರುವುವಷ್ಟು ಹೊತ್ತಿಗೆ ಮುಗಿಯತೊಡಗಿದವು. ಮುಂದೆ ವಿಮರ್ಶಕರೊಬ್ಬರು ಈ ಚುಟುಕುತನವನ್ನು ಚರ್ಚೆಯ ವೇದಿಕೆ ನನಗೆ ಕಲಿಸಿದ ಚುರುಕು ಎಂದು ಹೊಗಳಿದರು. ನಾನು ಹೌದೆಂದು ತಲೆಯಾಡಿಸಿದೆ. ಅದೂ ಒಂದು ಕಳ್ಳತನವೇ, ಆದರೆ ಸಣ್ಣದು.

ದೊಡ್ಡದು ಹೀಗಾಯಿತು. ನಿಮ್ಮ ಮನಸ್ಸಿನಲ್ಲಿ ಯಾರ ದನಿಯಾದರೂ ಇದ್ದರೆ ಐದು ನಿಮಿಷ ಓದಿಸಿ ಕಳಿಸಿ, ಕೇಳಿ ನೋಡುತ್ತೇವೆ ಎಂದು ಕಂಪನಿಯವರು ಬರೆದಿದ್ದರು. ಊಟಕ್ಕೆ ಕೂತಾಗ ತಮಾಷೆಗೆ, “ನೀವ ಓದ್ರಲಾ ವೈನಿ” ಅಂದೆ. ಅವರು ಚಾಷ್ಟಿ ಅಂದುಕೊಳ್ಳಲಿಲ್ಲ. ಮರುದಿನ ಮಧ್ಯಾಹ್ನ ನಾನು ಗಜೇಂದ್ರಗಡದಿಂದ ಬಂದಾಗ (ಅಲ್ಲಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೇನೆ) ಮಲಗುವ ಕೋಣೆಯ ಬಾಗಿಲು ಹಾಕಿತ್ತು. ಒಳಗೆ ಫ್ಯಾನು ಬಂದ್, ಕಿಟಕಿಗೆ ಕೌದಿ. ಸ್ವಲ್ಪ ಹೊತ್ತಿಗೆ ವೈನಿ ಬೆವರಿ ನೀರಾಗಿ ಹೊರಬಂದರು. ಬಳೆ ಸದ್ದು ಮಾಡಬಾರದೆಂದು ಎರಡೂ ಮುಂಗೈಗೆ ಅಣ್ಣನ ಕರವಸ್ತ್ರ ಬಿಗಿದುಕೊಂಡಿದ್ದರು. ತಮ್ಮ ಫೋನು ನನ್ನ ಕೈಗಿಟ್ಟು ಎದುರಿಗೇ ನಿಂತರು.

ಕೇಳಿದೆ. ಪುಸ್ತಕದ ಭಾಷೆಯನ್ನು ಅವರು ಚೊಕ್ಕ ಓದಿದ್ದರು. ಆದರೆ ಅದರ ರಾಗ ನಮ್ಮ ಅಡುಗೆಮನೆಯದು. ಒಮ್ಮೆ ಮೈಸೂರಿನ ಸ್ಪರ್ಧೆಯಲ್ಲಿ ಭರದ ನಡುವೆ ನನ್ನ ಬಾಯಿಂದ ನಮ್ಮ ಕಡೆಯ “ಹಂಗಂದ್ರ” ಜಾರಿ ಇಡೀ ಸಭಾಂಗಣ ನಕ್ಕಿತ್ತು. ಆಮೇಲೆ ಎರಡು ವರ್ಷ ಕನ್ನಡಿಯ ಮುಂದೆ ನಿಂತು ನಾಲಿಗೆಯನ್ನು ಉಜ್ಜಿ ಉಜ್ಜಿ ತೊಳೆದಿದ್ದೆ. ತೊಳೆದು ಹಾಕಿದ್ದೆಲ್ಲ ವೈನಿಯ ದನಿಯಲ್ಲಿ ತಿರುಗಿ ಬಂದಿತ್ತು. ಅವರನ್ನು ನೋಡಿ ನಗುತ್ತಾರೆ, ಅದರಿಂದ ಅವರನ್ನು ಉಳಿಸಬೇಕು ಎಂದುಕೊಂಡೆ. ಸುಳ್ಳು. ನನಗಿದ್ದ ಹೆದರಿಕೆ ನನ್ನನ್ನು ನೋಡಿ ನಕ್ಕಾರೆಂಬುದು.

“ಚಲೋ ಬಂದೈತ್ರಿ. ಆಮ್ಯಾಲೆ ತೊಗೊಂಡು ಕಳಸ್ತೀನಿ” ಅಂದೆ.

ವಾರದ ನಂತರ, “ಅವರು ಒಪ್ಪಲಿಲ್ರಿ ವೈನಿ” ಅಂದೆ. ಅವರು ಹಂಚು ಒರೆಸುತ್ತಿದ್ದರು. “ಹೋಗ್ಲಿ ಬಿಡಪಾ. ಪುಸ್ತಕ ಬರ್ತೈತಲ್ಲ, ಸಾಕು” ಅಂದರು.

ಕಂಪನಿಯವರೇ ಗೊತ್ತು ಮಾಡಿದ ಒಬ್ಬಾಕೆಯ ದನಿಯಲ್ಲಿ ಎರಡೂ ಪುಸ್ತಕಗಳು ಬಂದವು. ಕಾಲೇಜಿಗೆ ಹೋಗುವಾಗ, ಸೂಡಿ ಊರಿನ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳಿದೆ. ಓದಿದಾಕೆಯಲ್ಲಿ ತಪ್ಪು ಹುಡುಕಲು ತಯಾರಾಗಿಯೇ ಕೂತಿದ್ದೆ, ಒಂದೂ ಸಿಗಲಿಲ್ಲ. ಸ್ಪಷ್ಟ, ಮಧುರ. ಆದರೆ ಪ್ರತಿ ಚುಕ್ಕಿ ಬಂದಾಗಲೂ ನನ್ನ ಕಿವಿ ಏನನ್ನೋ ಕಾಯುತ್ತಿತ್ತು. ರೊಟ್ಟಿ ಮಗುಚುವ ಸದ್ದು. ಅದು ಬಾರದೆ ಮುಂದಿನ ವಾಕ್ಯ ಬಂದುಬಿಡುತ್ತಿತ್ತು. ಮೊದಲ ಕಾದಂಬರಿಯಲ್ಲಿ, ತಡವಾಗಿ ಎದ್ದ ಮಗನಿಗೆ ತಾಯಿ ಹೇಳುವ ಮಾತೊಂದಿದೆ: “ಬಸ್ಸು ನಿಮ್ಮ ಮಾವಂದೇನ, ನಿಂತು ಕಾಯಾಕ?” ಅದು ವೈನಿ ಓದುತ್ತ ಓದುತ್ತ ಸೇರಿಸಿ, ತಾವೇ ನಕ್ಕು, ಆವತ್ತೊಂದು ರೊಟ್ಟಿ ಸುಟ್ಟ ಮಾತು. ಕಂಪನಿಯಾಕೆ ಅದನ್ನು ದುಃಖದಿಂದ ಓದಿದ್ದಳು. ಹಿನ್ನೆಲೆಯಲ್ಲಿ ಕೊಳಲು ಬೇರೆ.

ಈಗ ಖಾರದ ಡಬ್ಬಿಗೆ ಆನಿಸಿದ ಫೋನಿನಲ್ಲಿ ಆಕೆಯೇ ಓದುತ್ತಾಳೆ. ವೈನಿ ಕೇಳುತ್ತ ಬಡಿಯುತ್ತಾರೆ. ಮೂರನೆಯ ಕಾದಂಬರಿಯ ಮೊದಲ ಅಧ್ಯಾಯ ಕಳಿಸಿ, “ಓದ್ರಿ ವೈನಿ” ಅಂದೆ.

“ಓದೋರು ಅದಾರಲ್ಲಪಾ ಈಗ. ನನ್ನ ಬಾಯಿಗಿ ಆರಾಮ ಆತು.”

ಸಿಟ್ಟಿನಿಂದ ಅನ್ನಲಿಲ್ಲ, ಸಿಟ್ಟಿದ್ದರೆ ನಾನು ವಾದಿಸುತ್ತಿದ್ದೆ. ಆಮೇಲೆ ಮೂರು ಸಲ ಕೇಳಿದ್ದೇನೆ, ಮೂರು ಸಲವೂ ಅದೇ ಉತ್ತರ. ಹೊಸ ಕಾದಂಬರಿಯ ವಾಕ್ಯಗಳು ಅರ್ಧ ಪುಟದವರೆಗೆ ಬೆಳೆಯುತ್ತಿವೆ. ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯುತ್ತಿಲ್ಲ.

ಹೋದ ತಿಂಗಳು ವೈನಿಯ ತವರಲ್ಲಿ, ನರಗುಂದದಲ್ಲಿ, ಕೂಸಿನ ತೊಟ್ಟಿಲ ಕಾರ್ಯಕ್ರಮ. ಅವರ ತಮ್ಮ ಸ್ಪೀಕರಿಗೆ ನನ್ನ ಪುಸ್ತಕ ಹಚ್ಚಿ, ಬಂದವರಿಗೆಲ್ಲ ಆ ಎರಡು ತಾಸಿನ ವಾದದ ಕತೆ ಹೇಳುತ್ತಿದ್ದ.

“ಬರ್ರಿ ಬೀಗರ! ಅಕ್ಕನ ಸಲುವಾಗಿ ಬೆಂಗಳೂರಿನವರ ಬೆವರ ಇಳಿಸಿದ್ರಂತಲ್ಲ?”

“ಯಾರು ಹೇಳಿದ್ರು ನಿಮಗ?”

“ಅಕ್ಕನ ಹೇಳ್ಯಾಳ.”

ಪಂಕ್ತಿಯಲ್ಲಿ ರೊಟ್ಟಿ ಹಾಕುತ್ತಿದ್ದ ವೈನಿ ತಲೆ ಎತ್ತದೆ ಅಂದರು: “ನಮ್ಮ ಮೈದುನ ಹಂಗ ಬಿಟ್ಟಾನೇನ?” ಎಲ್ಲರೂ ನಕ್ಕರು. ನಾನು ಎರಡನೆಯ ರೊಟ್ಟಿ ಬೇಡವೆಂದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ನಾವಿಬ್ಬರೇ. ಅಂಗಡಿ ತೆರೆಯಬೇಕೆಂದು ಅಣ್ಣ ಮೊದಲೇ ಗಾಡಿಯ ಮೇಲೆ ಹೋಗಿದ್ದ. “ತೊಟ್ಟಿಲ ಫೋಟೋ ತೊಗೋ, ನಿನ್ನ ಫೋನಿಗಿ ಹಾಕ್ಕೋ” ಎಂದು ವೈನಿ ತಮ್ಮ ಫೋನು ಕೊಟ್ಟರು. ಫೋಟೋ ಹುಡುಕುವಾಗ ಅದು ಸಿಕ್ಕಿತು. ಐದು ನಿಮಿಷದ ರೆಕಾರ್ಡಿಂಗ್, ಹೆಸರು ‘ಮೈದುನನ ಪುಸ್ತಕ’. ಆವತ್ತು ಆಮೇಲೆ ತೊಗೋತೀನಿ ಅಂದವನು ತೊಗೊಂಡೇ ಇರಲಿಲ್ಲ. ಅದು ಈ ಫೋನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಸಾಕ್ಷಿ ಇಷ್ಟು ದಿನ ಖಾರದ ಡಬ್ಬಿಯ ಪಕ್ಕದಲ್ಲಿಯೇ ನಿಂತಿತ್ತು, ನಾನೇ ಅದನ್ನು ನೋಡಿರಲಿಲ್ಲ. ದಿನಾ ತವರಿಗೆ ಫೋಟೋ ಕಳಿಸುವ ವೈನಿಗೆ ಯಾವುದು ಹೋಗಿದೆ, ಯಾವುದು ಹೋಗಿಲ್ಲ ಎಂದು ತಿಳಿಯದೆ ಇದ್ದೀತೆ?

ವೈನಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಫೋನನ್ನು ಅವರ ಮಡಿಲಲ್ಲಿಟ್ಟು ಕೇಳಿದೆ:

“ವೈನಿ, ಇದನ್ನ ನಾ ನಿಮ್ಮ ಕಡಿಂದ ತೊಗೊಂಡ ಇರಲಿಲ್ಲ. ಅದು ನಿಮಗ ಆವತ್ತ ಗೊತ್ತಿತ್ತು. ಮತ್ತ ನಿಮ್ಮ ಸಲುವಾಗಿ ನಾ ಜಗಳಾಡಿದೆ ಅಂತ ಎಲ್ಲಾರ ಮುಂದ ಯಾಕ ಹೇಳಿದ್ರಿ?”