ಅಂಕ ಕೊಡದ ಪೇಟಿ ಮಾಸ್ತರರು

ಅವರ ಎಡಗೆನ್ನೆ ಬಲಗೆನ್ನೆಗಿಂತ ಒಂದು ಅಡಿಕೆಯಷ್ಟು ಮುಂದಿರುತ್ತಿತ್ತು. ಬಾವಲ್ಲ, ಒಳಗೆ ನಿಪ್ಪಾಣಿಯ ತಂಬಾಕು ಕಾಯಂ ವಾಸವಾಗಿತ್ತು. ಐನಾಪುರದ ಪೇಟೆಯಲ್ಲಿ ಅವರದೊಂದು ಹೊಲಿಗೆ ಅಂಗಡಿ. ಹಗಲು ಅಂಗಿ ಹೊಲಿಯುತ್ತಿದ್ದರು, ಸಂಜೆ ಅಲ್ಲೇ ಹಾರ್ಮೋನಿಯಂ ಕಲಿಸುತ್ತಿದ್ದರು. ನಮ್ಮ ಕಡೆ ಹಾರ್ಮೋನಿಯಂ ಎಂದರೆ ಪೇಟಿ. ಹೀಗಾಗಿ ಅವರು ಪೇಟಿ ಮಾಸ್ತರರು.

ನಾನೂ ಮಾಸ್ತರನೇ, ಹೈಸ್ಕೂಲಿನಲ್ಲಿ ಗಣಿತದವನು. ಎರಡು ಸಾವಿರದ ಇಸವಿ ದಾಟಿದ ಮೇಲೆ, ನಲವತ್ತೆರಡನೇ ವಯಸ್ಸಿನಲ್ಲಿ, ಯಾರ ಒತ್ತಾಯವೂ ಇಲ್ಲದೆ, ಪೇಟಿ ಕಲಿಯುವ ಬುದ್ಧಿ ನನಗೆ ಬಂತು. ಶ್ರಾವಣದ ಭಜನೆಯೊಂದರಲ್ಲಿ ಅದರ ದನಿ ಕೇಳಿ ಎದೆಯೊಳಗಿನ ಯಾವುದೋ ಗಂಟು ಸಡಿಲಾದಂತಾಗಿತ್ತು. ಅದಕ್ಕಿಂತ ಘನವಾದ ಕಾರಣ ಇರಲಿಲ್ಲ.

ಪಾಠಕ್ಕೆ ಮೊದಲು ಮಾಸ್ತರರು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ತಿಕ್ಕಿ, ತಟ್ಟಿ, ಕೆನ್ನೆಗೆ ಸೇರಿಸುತ್ತಿದ್ದರು. ಅಲ್ಲಿಗೆ ಮಾತು ಬಂದ್. ಏನಾದರೂ ಹೇಳಲೇಬೇಕಾದರೆ ಮಷಿನ್ ಬಿಟ್ಟೆದ್ದು, ಹೊಸ್ತಿಲು ದಾಟಿ, ಗಟಾರಕ್ಕೆ ಉಗುಳಿ, ಬಾಯಿ ಮುಕ್ಕಳಿಸಿ ಬರಬೇಕು. ಇಷ್ಟು ತ್ರಾಸಿಗೆ ತಕ್ಕ ಮಾತಿದ್ದರೆ ಮಾತ್ರ ಏಳುತ್ತಿದ್ದರು. ಅವರು ಎದ್ದಾಗ ಅಂಗಡಿಯಲ್ಲಿ ಆಗುತ್ತಿದ್ದಷ್ಟು ನಿಶ್ಶಬ್ದ, ನ್ಯಾಯಾಧೀಶರು ತೀರ್ಪು ಓದುವಾಗ ಕೋರ್ಟಿನಲ್ಲೂ ಇರಲಿಕ್ಕಿಲ್ಲ.

ನನಗೋ ಅಂಕ ಕೊಟ್ಟು, ಅಂಕ ಕೂಡಿಸಿ ಬೆಳೆದ ಬುದ್ಧಿ. ಮೊದಲ ತಿಂಗಳಲ್ಲೇ ಕೇಳಿಬಿಟ್ಟೆ: "ಮಾಸ್ತರ್ರ, ಇವತ್ತ ಬಾರಿಸಿದ್ದಕ್ಕ ಹತ್ತಕ್ಕ ಎಷ್ಟ ಕೊಡ್ತೀರಿ?"

ಎದ್ದರು, ಉಗುಳಿ ಬಂದರು. "ಸರ್ರ, ಎರಡನೇ ಸಾಲ್ನ್ಯಾಗ ನಿಮ್ಮ ಬೆರಳ ಮುಂದ ಓಡತಾವ, ಗಾಳಿ ಹಾಕೂ ತಿದಿ ಹಿಂದ ಉಳೀತೈತಿ. ಅದೊಂದ ನೋಡ್ರಿ."

"ಅದಿರಲ್ರಿ, ಅಂಕ?"

"ಅಂಕ ನಿಮ್ಮ ಹೈಸ್ಕೂಲ್ನ್ಯಾಗ ಇಟಗೋರಿ. ಅಂಗಿ ತೊಟ್ಟ ಗಿರಾಕಿಗೆ ನಾ ತೋಳ ಬಿಗಿ ಆಗೇತೇನ್ರಿ ಅಂತ ಕೇಳ್ತೀನಿ. ಅಂಗಿಗೆ ಎಷ್ಟ ಅಂಕ ಅಂತ ಕೇಳೂದಿಲ್ಲ."

ಎರಡು ವರ್ಷದಲ್ಲಿ ನಾನು ಭಜನಾ ಮಂಡಳಿಗೆ ಸೇರುವಷ್ಟಾದೆ. ಮಾಸ್ತರರು ತಾಳ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದರು. ಹಾಡುವವರು ಎಪ್ಪತ್ತು ದಾಟಿದ ರೈತರೊಬ್ಬರು. ನಮ್ಮ ಭಾಗದಲ್ಲೊಂದು ಪದ್ಧತಿಯಿದೆ: ಯಾರ ಕಲೆ ಮನಸ್ಸಿಗೆ ಬಂತೋ ಅವರ ಅಂಗಿಯ ಎದೆಗೆ ಕೇಳುಗರು ನೋಟು ಇಟ್ಟು ಗುಂಡುಸೂಜಿ ಚುಚ್ಚುತ್ತಾರೆ, ಅದನ್ನು ಮೈಕಿನಲ್ಲಿ ಸಾರುತ್ತಾರೆ. ಮಾಸ್ತರರ ಹತ್ತಿರ ಯಾರಾದರೂ ನೋಟು ಹಿಡಿದು ಬಂದರೆ, "ಟಾಚಣಿ ಚುಚ್ಚಬ್ಯಾಡ್ರಿ, ಬಟ್ಟಿ ಹಾಳಾಗತೈತಿ" ಎಂದು ಎದೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ದರ್ಜಿಯ ಮಾತು, ಯಾರೂ ಎದುರಾಡುತ್ತಿರಲಿಲ್ಲ.

ಸದಲಗಾದಲ್ಲಿ ಒಂದು ಗೃಹಪ್ರವೇಶದ ಮಧ್ಯಾಹ್ನ ನನ್ನ ಬೆರಳು ಜಾರಿತು. ತಪ್ಪು ಮುಚ್ಚಲು ಮೇಲಿನ ಸ್ವರದಿಂದ ಕೆಳಗಿನವರೆಗೆ ಬೆರಳನ್ನು ಸರ್ರನೆ ಓಡಿಸಿ ಬಂದೆ. ಮನೆಯ ಯಜಮಾನರಿಗೆ ಅದೇ ಮಹಾ ವಿದ್ಯೆಯಾಗಿ ಕಂಡಿತು. ಎದ್ದು ಬಂದವರೇ ನನ್ನ ಎದೆಗೆ ಐವತ್ತರ ನೋಟು ಚುಚ್ಚಿದರು. ಮೈಕು ನನ್ನ ಹೆಸರನ್ನು ಎರಡು ಸಲ ಕೂಗಿತು. ರಾಜ್ಯಾಭಿಷೇಕವಾದವರಿಗೆ ಹೇಗನ್ನಿಸುತ್ತದೆಂದು ನನಗೆ ಆವತ್ತು ತಿಳಿಯಿತು.

ಅಂದಿನಿಂದ ಪ್ರತಿ ಸಾಲಿನ ಕೊನೆಗೂ ಆ ಓಟ. ಅಭಂಗವಿರಲಿ, ವಚನವಿರಲಿ, ತೊಟ್ಟಿಲ ಪದವಿರಲಿ, ನನ್ನ ಬೆರಳುಗಳಿಗೆ ಓಡುವುದೇ ಧರ್ಮ. ಒಮ್ಮೆ ಹಾಡುವ ಅಜ್ಜ ನಡುವೆಯೇ ನಿಲ್ಲಿಸಿದರು.

"ಏ ಸರ್ರ, ನಾ ಯಾವಾಗ ಉಸರ ತಗೋಳ್ಲಿ? ಹಾಡ ಮುಗದ ಮ್ಯಾಲೋ, ಸತ್ತ ಮ್ಯಾಲೋ?"

ಮಾಸ್ತರರೂ ಒಮ್ಮೆ ಎದ್ದು ಉಗುಳಿ ಬಂದರು. "ಮೊದ್ಲ ಹಾಡಾವ್ರ ಮಾರಿ ನೋಡಿ ಬಾರಸ್ತಿದ್ರಿ. ಈಗ ಮಂದಿ ಕಿಸೆ ನೋಡಾಕತ್ತೀರಿ."

ಅವರಿಗೆ ಹೊಟ್ಟೆಕಿಚ್ಚು ಎಂದು ನಾನು ಸಕಾರಣವಾಗಿ ತೀರ್ಮಾನಿಸಿದೆ.

ನೋಟು ಬಿದ್ದ ದಿನ ಚೆನ್ನಾಗಿ ಬಾರಿಸಿದೆ, ಬೀಳದ ದಿನ ಕೆಟ್ಟದಾಗಿ ಬಾರಿಸಿದೆ ಎಂಬ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿತು. ಮನೆಯಲ್ಲಂತೂ ನೋಟು ಚುಚ್ಚುವವರಿರಲಿಲ್ಲ, ಆದ್ದರಿಂದ ಪೇಟಿ ಮುಟ್ಟುವುದೇ ನಿಂತಿತು. "ಏನ್ರೀ, ಇದರ ಮ್ಯಾಲ ಬಳ್ಳೊಳ್ಳಿ ಒಣ ಹಾಕಿದ್ರ ನಡೀತೈತೇನು?" ಎಂದು ಹೆಂಡತಿ ಕೇಳಿದಳು. ಐಗಳಿಯ ಭಜನೆಯಲ್ಲಿ ತಬಲಾದವನಿಗೆ ಮೂರು ನೋಟು ಬಿದ್ದವು, ನನಗೆ ಒಂದೂ ಇಲ್ಲ. ಬರುವಾಗ ಟೆಂಪೋದಲ್ಲೇ ಪೇಟಿ ಮಾರಿಬಿಡಬೇಕೆಂದು ನಿಶ್ಚಯಿಸಿದೆ. ಅಥಣಿಯ ಗಿರಾಕಿಯೂ ಸಿಕ್ಕ. ಶ್ರಾವಣದ ಆ ಭಜನೆಯಲ್ಲಿ ಎದೆಯೊಳಗೆ ಸಡಿಲಾದದ್ದು ಮತ್ತೆ ಗಂಟಾಗಿತ್ತು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಪೇಟಿ ಹೊತ್ತುಕೊಂಡು ಅಂಗಡಿಗೆ ಹೋಗಿ ಸುದ್ದಿ ಮುಟ್ಟಿಸಿದೆ. ಮಾಸ್ತರರು ಬುದ್ಧಿ ಹೇಳಲಿಲ್ಲ.

"ಮಾರ್ರಿ. ಆದ್ರ ತಗೊಳಾಂವ ಕೇಳ್ತಾನ, ಯಾವ ಸ್ವರ ಕೆಟ್ಟೈತಿ ಅಂತ. ಒಂದೊಂದ ಒತ್ತಿ ನೋಡ್ರಿ." ತಂಬಾಕು ಕೆನ್ನೆಗಿಟ್ಟು, ನನಗೆ ಬೆನ್ನು ಮಾಡಿ, ಮಷಿನ್ ತುಳಿಯತೊಡಗಿದರು.

ಒಂದೊಂದೇ ಒತ್ತಿದೆ. ಮಂದ್ರದ ಒಂದು ಸ್ವರ ತುಸು ಕರಕರ ಅನ್ನುತ್ತಿತ್ತು. ಅದು ಸ್ವರದ ತಪ್ಪೋ ಧೂಳಿನ ತಪ್ಪೋ ನೋಡಲು ಹಳೆಯದೊಂದು ಪದದ ಮೊದಲ ಸಾಲು ಬಾರಿಸಿದೆ. ಅದಕ್ಕೆ ಎರಡನೆಯದು ಬೇಕೆನಿಸಿತು. ಬೆರಳು ಓಡಲು ಹೋದಲ್ಲಿ, ಅಜ್ಜ ಇಲ್ಲಿ ಉಸಿರು ತೆಗೆಯುತ್ತಾರಲ್ಲ ಎಂದು ತಾನಾಗಿ ನಿಂತಿತು. ಎಷ್ಟು ಹೊತ್ತು ಬಾರಿಸಿದೆನೋ ತಿಳಿಯದು. ತಲೆ ಎತ್ತಿದಾಗ ಮಷಿನ್ ನಿಂತಿತ್ತು. ಮಾಸ್ತರರು ಹೊಸ್ತಿಲಾಚೆ ಉಗುಳುತ್ತಿದ್ದರು.

"ಮೂರನೇ ಸಾಲ್ನ್ಯಾಗ ಹಾಡಾವ್ರಿಗೆ ಜಾಗಾ ಬಿಟ್ರಿ" ಎಂದರು.

"ಅಂದ್ರ ಚಲೋ ಆತೇನ್ರಿ?"

"ಬಾರಿಸಿದಾವ್ರು ನೀವ. ನನ್ನೇನ ಕೇಳ್ತೀರಿ?"

ಹೌದಲ್ಲ ಎನಿಸಿತು. ಗಂಟಲಲ್ಲಿ ಸಿಕ್ಕಿದ್ದ ಮೀನಿನ ಮುಳ್ಳು ಇಳಿದುಹೋದಂತೆ ನಗು ಬಂತು. ಅಥಣಿಯವನಿಗೆ ಪೇಟಿ ಕೊಡುವುದಿಲ್ಲವೆಂದು ಅಲ್ಲಿಂದಲೇ ಫೋನು ಮಾಡಿದೆ. ಅವನು ಬೈದದ್ದು ಕೂಡ ಹಿತವಾಗಿತ್ತು.

ಮರುದಿನ ಶಾಲೆಯಲ್ಲಿ ನೋಟ್‌ಬುಕ್ಕುಗಳ ರಾಶಿ ಮುಂದಿತ್ತು. 'ಉತ್ತಮ', 'ಸಾಧಾರಣ' ಎಂದು ಗೀಚುತ್ತಿದ್ದ ಕೈ ಅಂದು, 'ಇಲ್ಲಿಯವರೆಗೆ ಸರಿ, ಮುಂದಿನ ಹೆಜ್ಜೆಯಲ್ಲಿ ಚಿಹ್ನೆ ಬದಲಾಗಿದೆ' ಎಂದು ಬರೆಯಿತು. ಸರ್ಕಾರಕ್ಕೆ ಅಂಕ ಬೇಕು, ಅದನ್ನೂ ಕೊಡುತ್ತ ಬಂದೆ. ಆದರೆ ಮಕ್ಕಳು ಅಂಕ ನೋಡಿ ಪುಸ್ತಕ ಮುಚ್ಚುವುದನ್ನು ಬಿಟ್ಟು, ಆ ಹೆಜ್ಜೆ ಹುಡುಕತೊಡಗಿದ್ದನ್ನು ನಾನು ಕಂಡಿದ್ದೇನೆ.

ಹತ್ತು ವರ್ಷಗಳ ನಂತರ ಮಾಸ್ತರರು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ತಂಬಾಕು ಕೊಲ್ಲುತ್ತದೆಂದು ಹೆದರಿಸಿದ್ದ ಡಾಕ್ಟರರಿಗೂ ಹೇಳದೆ ಹೋದರು. ಪೇಟಿಯನ್ನು ಕೊರಳಿಗೆ ಕಟ್ಟಿಕೊಂಡು ಸ್ಮಶಾನದವರೆಗೆ ಬಾರಿಸುತ್ತ ನಡೆದೆ.

ಆ ಸಂಜೆ ಒಂದು ಭಯ ಹಿಡಿಯಿತು. ಕೇಳುತ್ತಿದ್ದ ಕಿವಿಯೇ ಹೋಯಿತು, ಇನ್ನು ಬಾರಿಸುವ ಆಸೆಯೂ ಅವರ ಬೆನ್ನಿಗೇ ಹೋಗಿಬಿಟ್ಟರೆ? ಮಂದಿಯ ನೋಟು ಬಿಟ್ಟು ಮಾಸ್ತರರ ಮಾತಿಗಾಗಿ ಬಾರಿಸುವುದನ್ನು ಕಲಿತಿದ್ದೆನೋ ಏನೋ.

ಬೆಳಿಗ್ಗೆ ಸ್ನಾನವಾದ ಮೇಲೆ, ಹೆದರುತ್ತಲೇ ಪೇಟಿ ತೆರೆದೆ. ಹೆಂಡತಿ ಹಿತ್ತಲಲ್ಲಿದ್ದಳು, ಮನೆಯಲ್ಲಿ ಮತ್ತಾರೂ ಇಲ್ಲ. ಒಂದು ಪದ ಮುಗಿಯಿತು, ಇನ್ನೊಂದು ಬಂತು. ಎರಡನೆಯದರಲ್ಲಿ ಎಡವಿದೆ, ತಿರುಗಿ ಬಾರಿಸಿದೆ, ಸರಿಹೋಯಿತು.

ಶಾಲೆ ಮುಟ್ಟಿದಾಗ ಪ್ರಾರ್ಥನೆ ಮುಗಿದಿತ್ತು. ಇಪ್ಪತ್ತಾರು ವರ್ಷಗಳ ನೌಕರಿಯಲ್ಲಿ ಮೊದಲ ಬಾರಿಗೆ, ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಹೆಡ್‌ಮಾಸ್ತರರು ಕೆಂಪು ಶಾಯಿಯಲ್ಲಿ 'ತಡ' ಎಂದು ಬರೆದರು. ನಾನು ಕೈಮುಗಿದು, ಹಗುರಾಗಿ, ಒಂಬತ್ತನೇ ಇಯತ್ತೆಯ ಪಾಠಕ್ಕೆ ಹೋದೆ.