ಅಮಾವಾಸ್ಯೆಯ ಭಾನುವಾರ ನಾವು ಸೋತದ್ದು

ನನ್ನಷ್ಟು ತಿಳಿದವನು ಆ ವಾರ್ಡಿನಲ್ಲಿ ಇನ್ನೊಬ್ಬನಿಲ್ಲ ಅಂತ ನಂಬಿಕೊಂಡಿದ್ದ ಕಾಲ ಅದು. ಬೆಂಗಳೂರಿನ ಅಂಚಿನ ಗರುಡಾಚಾರ್‌ಪಾಳ್ಯದ ಕಡೆಗೆ ಆಗಿನ್ನೂ ನಗರಸಭೆಯಿತ್ತು. ನಮ್ಮ ಪಕ್ಷದವರಿಗೆ ಅದೇನು ಹೊಳೆಯಿತೋ, ಈ ಸಲದ ಚುನಾವಣೆಗೆ ಮುಖಂಡರು ಟಿಕೆಟ್ ಹಂಚುವುದಿಲ್ಲ, ವಾರ್ಡಿನಲ್ಲಿರುವ ಪಕ್ಷದ ಸದಸ್ಯರೇ ಮತ ಹಾಕಿ ಅಭ್ಯರ್ಥಿಯನ್ನು ಆರಿಸಲಿ ಎಂದರು. ವಿಮಾ ನೌಕರರ ಕಾಲೊನಿಯ ನಾವು ಮೂವರು, ಪೇಪರು ಓದಿ ರಾಜಕೀಯ ಕಲಿತವರು, ಕುಣಿದಾಡಿಬಿಟ್ಟೆವು.

ನಾವು ನಿಲ್ಲಿಸಿದ್ದು ಗುಲ್ಬರ್ಗಾ ಕಡೆಯ ಒಬ್ಬ ಸೆಂಟ್ರಿಂಗ್ ಮೇಸ್ತ್ರಿಯನ್ನು. ಎದುರಿಗಿದ್ದವರು ಪಾಳ್ಯದ ಹಳೇ ಯಜಮಾನರು. ಮೇಸ್ತ್ರಿಯೂ ಅವನ ಕಡೆಯ ಜನರೂ ಬಾಡಿಗೆಗಿದ್ದ ಶೀಟಿನ ಮನೆಗಳ ಸಾಲು ಆ ಯಜಮಾನರದೇ. ಸೋತರೆ ಮನೆ ಬಿಡಬೇಕಾಗುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ಬೇಡವೆಂದು ಅತ್ತರೂ ಒಪ್ಪಿಕೊಂಡ.

"ಗೆದ್ರ ನಮ್ ಸಾಲಿಗೆ ಒಂದು ನಲ್ಲಿ ಬರ್ತದ್ರಿ" ಅಂದ.

ಆರು ವಾರ ಶೀಟಿನ ಮನೆಗಳಲ್ಲೇ ತಿರುಗಿ ಸದಸ್ಯತ್ವದ ಅರ್ಜಿ ತುಂಬಿಸಿದೆವು. ಫೋಟೊ ಇಲ್ಲದವರನ್ನು ಸ್ಟುಡಿಯೋಗೆ ಕರೆದೊಯ್ದೆವು. ಅಲ್ಲಿದ್ದ ಒಂದೇ ಕೋಟನ್ನು ಗಾರೆ ಕೆಲಸದವರೆಲ್ಲ ಸರದಿಯ ಮೇಲೆ ತೊಟ್ಟು ಕೂತರು. ಸದಸ್ಯರ ಪಟ್ಟಿ ಹೊರಬಿದ್ದಾಗ ನಮ್ಮ ಕಡೆಯವರೇ ಹೆಚ್ಚಿದ್ದರು. ಅಲ್ಲಿಗೇ ಸುಮ್ಮನಿದ್ದಿದ್ದರೆ ಗೆದ್ದುಬಿಡುತ್ತಿದ್ದೆವು.

ಆದರೆ ನನ್ನ ತಲೆ ಸುಮ್ಮನಿರಬೇಕಲ್ಲ. ಪಕ್ಷದ ಕಚೇರಿಯಲ್ಲಿ ಮತದಾನದ ದಿನ ಗೊತ್ತುಮಾಡುವಾಗ ಕ್ಯಾಲೆಂಡರಿನಲ್ಲಿ ಒಂದು ಭಾನುವಾರ ಅಮಾವಾಸ್ಯೆ ಬಿದ್ದಿರುವುದು ಕಣ್ಣಿಗೆ ಬಿತ್ತು. ಯಜಮಾನರು ಅಮಾವಾಸ್ಯೆಯಂದು ಹೊಸ ಕೆಲಸಕ್ಕೆ ಕೈಹಾಕುವವರಲ್ಲ, ಅವರ ಕಡೆಯವರು ಹೊಸಿಲೂ ದಾಟುವುದಿಲ್ಲ ಅಂತ ಲೆಕ್ಕ ಹಾಕಿದೆ. ಕೂಲಿಯವರಿಗೆ ರಜೆ ಎಂಬ ನೆಪ ಹೇಳಿ ಅದೇ ದಿನ ಬೇಕೆಂದು ಹಠ ಹಿಡಿದೆ. ಯಜಮಾನರು ಕ್ಯಾಲೆಂಡರನ್ನು ಸ್ವಲ್ಪ ಹೊತ್ತು ನೋಡಿ, ಆಗಲಿ ಬಿಡಿ, ಹುಡುಗರು ಇಷ್ಟು ಕೇಳ್ತಿದ್ದಾರೆ ಎಂದರು. ದಾರಿಯುದ್ದಕ್ಕೂ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಬಂದೆ.

ಸಂಜೆ ಮೇಸ್ತ್ರಿಗೆ ದಿನ ತಿಳಿಸಿದಾಗ ಅವನ ಮುಖ ಬಾಡಿತು.

"ಅವತ್ತ ಅಮಾಸಿ ಅದರಿ ಸರ" ಅಂದ.

ಅಷ್ಟೇ ಸಾಕಾಯಿತು ನನಗೆ. ಮುಂದೆ ಬಾಯಿ ತೆರೆಯಲು ಬಿಡಲಿಲ್ಲ. ಮೂಢನಂಬಿಕೆಯಿಂದಲೇ ದೇಶ ಹಾಳಾದದ್ದು, ನಿಮ್ಮಂಥವರೇ ಹೀಗಂದರೆ ಹೇಗೆ ಅಂತ ಅರ್ಧ ಗಂಟೆ ಕೊರೆದೆ. ಉಳಿದಿಬ್ಬರೂ ತಲೆಯಾಡಿಸಿದರು. ಅವನು ಟೀ ಕುಡಿದು ಲೋಟ ತೊಳೆದಿಟ್ಟು ಎದ್ದುಹೋದ.

ಭಾನುವಾರ ಬೆಳಿಗ್ಗೆ ಮತದಾರರನ್ನು ಕರೆತರಲು ಟೆಂಪೊ ತೆಗೆದುಕೊಂಡು ಹೋದರೆ ಸಾಲಿಗೆ ಸಾಲೇ ಬೀಗ. ಉಳಿದಿದ್ದ ಒಬ್ಬ ತುಂಬು ಬಸುರಿ ಹೇಳಿದಳು, ಎಲ್ಲರೂ ಎಳ್ಳಮಾವಾಸ್ಯೆಗೆ ಊರಿಗೆ ಹೋಗಿದ್ದಾರೆಂದು. ವರ್ಷಕ್ಕೊಮ್ಮೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ ಭೂಮಿತಾಯಿಗೆ ಉಣ್ಣಿಸಿ ತಾವೂ ಉಣ್ಣುವ ದಿನ ಅದು. ಯುಗಾದಿ ಬಿಟ್ಟರೂ ಆ ಜನ ಇದನ್ನು ಬಿಡುವುದಿಲ್ಲ. ಮೇಸ್ತ್ರಿ ಮನೆಮನೆಗೂ ಹೋಗಿ ಕೈಮುಗಿದಿದ್ದನಂತೆ. ಹೊಲ ಉಪವಾಸ ಇರ್ತದಲ್ಲ ಅಣ್ಣಾ ಅಂದರಂತೆ.

ಅವನೊಬ್ಬನೇ ಬಿಳಿ ಅಂಗಿ ತೊಟ್ಟು ಮತಪೆಟ್ಟಿಗೆಯ ಹತ್ತಿರ ನಿಂತಿದ್ದ. ಹೇಳಬಾರದಿತ್ತೇ ಎಂದು ನಾನು ಅವನ ಮೇಲೇ ರೇಗಿದೆ. ನಾಚಿಕೆಗೆಟ್ಟವನು ನಾನು.

"ಹೇಳ್ಲಿಕ್ಕೆ ಬಂದಿದ್ದೆ ಸರ. ನೀವು ದೇಶದ ಸುದ್ದಿ ತೆಗದ್ರಿ."

ಯಜಮಾನರ ಕಡೆಯವರು ಸ್ನಾನ, ಪೂಜೆ ಮುಗಿಸಿ ಒಬ್ಬರೂ ತಪ್ಪದೆ ಬಂದರು. ಅಮಾವಾಸ್ಯೆ ಅಲ್ವಾ ಅಂತ ನಾನು ಬಾಯಿ ತಪ್ಪಿ ಕೇಳಿದ್ದಕ್ಕೆ ಯಜಮಾನರು ನಕ್ಕರು. ಹೊಸ ಕೆಲಸಕ್ಕೆ ತಾನೇ ಅಮಾವಾಸ್ಯೆ, ಗೆಲ್ಲೋದು ನಮಗೆ ಹಳೇ ಕೆಲಸ ಎಂದರು. ತಮ್ಮ ಬಾಡಿಗೆದಾರರು ಯಾವ ಅಮಾವಾಸ್ಯೆಗೆ ಬೀಗ ಹಾಕಿ ಹೋಗುತ್ತಾರೆಂದು ಅವರು ಹತ್ತು ವರ್ಷದಿಂದ ನೋಡಿದ್ದರು. ಆರು ವಾರ ಅದೇ ಬಾಗಿಲುಗಳನ್ನು ತಟ್ಟಿದ ನಾನು, ಸಹಿ ಬಿಟ್ಟು ಬೇರೇನೂ ಕೇಳಿರಲಿಲ್ಲ.

ತಿಂಗಳೊಳಗೆ ಮೇಸ್ತ್ರಿಗೆ ಮನೆ ಖಾಲಿ ಮಾಡಲು ಹೇಳಿದರು. ನಾನು ಹೋದಾಗ ಗಂಡಹೆಂಡಿರು ಪಾತ್ರೆಗಳನ್ನು ಆಟೊಗೆ ಏರಿಸುತ್ತಿದ್ದರು. ಮುಂದಿನ ಸಲ ಗೆಲ್ಲೋಣ ಬಿಡಿ ಅಂದೆ.

ಅವನು ಕೊಡ ಕೆಳಗಿಟ್ಟು ನನ್ನನ್ನೇ ನೋಡಿದ. "ಮುಂದಿನ ಸಲ ನೀವ ನಿಲ್ರಿ ಸರ. ಪ್ಲಾನ್ ನಾ ಮಾಡ್ತೀನಿ. ಮನಿ ಬಿಡೋದು ನಿಮ್ದಿರಲಿ."