ಮೀನಿನ ನೆಪದಲ್ಲಿ ಅಬುಧಾಬಿಗೆ

ಸ್ಕೂಲ್ ಬಸ್ ಬಾಗಿಲು ತೆರೆದು ನಿಂತಿತ್ತು. ಹದಿನಾರರ ನನ್ನ ಮಗಳು ರಿಯಾ ಹತ್ತಲಿಲ್ಲ. ನನ್ನ ಕೈ ಹಿಡಿದುಕೊಂಡಳು, ಬೆರಳುಗಳು ತಣ್ಣಗಿದ್ದವು. "ಮಮ್ಮಿ, ಐ ಕಾಂಟ್ ಬ್ರೀದ್." ನಾವಿರುವ ಕರಾಮದ ಆ ಗಲ್ಫ್ ಬಿಸಿಲಲ್ಲೂ ಅವಳು ಗಡಗಡ ನಡುಗುತ್ತಿದ್ದಳು.

ಇಸಿಜಿ ನಾರ್ಮಲ್. ಬ್ಲಡ್ ಟೆಸ್ಟ್ ನಾರ್ಮಲ್. "ಇದು ಪ್ಯಾನಿಕ್ ಅಟ್ಯಾಕ್. ನಾಟಕ ಅಲ್ಲ, ಸೋಮಾರಿತನವೂ ಅಲ್ಲ. ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿ" ಎಂದರು ಡಾಕ್ಟರು.

ಜನ ಏನೆಂದಾರು?

ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರ ಮನೆಯಲ್ಲಿ ಬಂಗುಡೆ ಹುರಿದರೆ ಎಲ್ಲ ಮಹಡಿಗೂ ಗೊತ್ತಾಗುತ್ತದೆ. ಕೌನ್ಸೆಲಿಂಗ್ ಕ್ಲಿನಿಕ್ ಮನೆಯಿಂದ ನಡೆದು ಹೋಗುವಷ್ಟು ಹತ್ತಿರವೇ ಇತ್ತು. ಅದೇ ತೊಂದರೆ! ಯಾರಾದರೂ ನೋಡಿದರೆ ಸುದ್ದಿ ಸಂಜೆಯೊಳಗೆ ನಮ್ಮೂರು ಕುಂದಾಪುರ ಮುಟ್ಟುತ್ತದೆ. ನಾನೂ ನನ್ನ ಗಂಡನೂ ಮಹಾ ಜಾಣರಂತೆ ಅಬುಧಾಬಿಯಲ್ಲಿ ಒಂದು ಕ್ಲಿನಿಕ್ ಹುಡುಕಿದೆವು. ಕೇಳಿದವರಿಗೆಲ್ಲ ಅಲ್ ಮೀನಾ ಮಾರ್ಕೆಟ್‌ಗೆ, ತಾಜಾ ಮೀನಿಗೆ ಎಂದೆವು. ಸುಳ್ಳಿಗೆ ಸಾಕ್ಷಿ ಬೇಕಲ್ಲ, ಪ್ರತಿ ಶನಿವಾರ ಮೀನನ್ನೂ ತಂದೆವು. ಫ್ರೀಜರ್ ಬಾಗಿಲು ಮುಚ್ಚದಾಯಿತು. ಅಷ್ಟು ದೂರದ ದಾರಿಯುದ್ದಕ್ಕೂ ರಿಯಾ ಕಾರಿನ ಕಿಟಕಿಗೆ ತಲೆ ಆನಿಸಿ ಸುಮ್ಮನೆ ಕೂರುತ್ತಿದ್ದಳು. ಒಮ್ಮೆ ಮಾತ್ರ ಕೇಳಿದಳು.

"ನಾನು ಅಷ್ಟು ನಾಚಿಕೆಯ ವಿಷಯವಾ, ಮಮ್ಮಿ?"

ನಾನು ರಸ್ತೆ ನೋಡುತ್ತಾ ಕೂತೆ.

ಮುಂದಿನ ಶನಿವಾರ ವೇಟಿಂಗ್ ರೂಮಿನ ಬಾಗಿಲು ತಳ್ಳಿದರೆ ಎದುರಿಗೆ ನಮ್ಮದೇ ಬಿಲ್ಡಿಂಗಿನ, ಮೇಲಿನ ಮಹಡಿಯ ಭಟ್ಕಳದ ಫರ್ಜಾನಾ! ಪಕ್ಕದಲ್ಲಿ ಅವಳ ಮಗ ಝೈದ್, ರಿಯಾಳ ಸ್ಕೂಲ್ ಬಸ್ಸಿನಲ್ಲೇ ಹೋಗುವವನು.

"ನೀವು ಎಂತ ಇಲ್ಲಿ?" ಎಂದುಬಿಟ್ಟೆ.

"ಕಾರ್ಪೆಟ್ ನೋಡ್ಲಿಕ್ಕೆ ಬಂದದ್ದು," ಅಂದಳು ಫರ್ಜಾನಾ, ಕ್ಲಿನಿಕ್ಕಿನ ಸೋಫಾದಲ್ಲಿ ಕೂತುಕೊಂಡೇ. "ನೀವು?"

"ನಾವು... ಮೀನಿಗೆ."

"ಮಮ್ಮಿ, ದೇರ್ ಈಸ್ ನೋ ಫಿಶ್ ಹಿಯರ್," ಎಂದಳು ರಿಯಾ.

ಮೊದಲು ಝೈದ್ ನಕ್ಕ. ರಿಯಾ ನಕ್ಕಳು. ಆಮೇಲೆ ನಾವಿಬ್ಬರು ತಾಯಂದಿರು ಹೊಟ್ಟೆ ಹಿಡಿದುಕೊಂಡು ನಕ್ಕೆವು. ರಿಸೆಪ್ಶನ್ ಹುಡುಗಿ ಗಾಬರಿಯಾಗಿ ನೀರು ತಂದುಕೊಟ್ಟಳು. ಮಗಳ ನಗು ಕೇಳಿ ಎಷ್ಟೋ ತಿಂಗಳಾಗಿತ್ತು. ಆಗ ಆದ ಖುಷಿ ಇಂಥದ್ದು ಎಂದು ನನಗೆ ಬರೆಯಲು ಬರುವುದಿಲ್ಲ.

"ಖಲಾಸ್," ಎಂದು ಕಣ್ಣೊರೆಸಿಕೊಂಡಳು ಫರ್ಜಾನಾ. "ಇನ್ನು ಕಾರ್ಪೆಟ್ ಹಾಸ್ಲಿಕ್ಕೆ ನಮ್ಮ ಮನೆಯಲ್ಲಿ ಜಾಗ ಇಲ್ಲ ಮಾರಾಯ್ತಿ. ಕರಾಮದ ಕ್ಲಿನಿಕ್ಕಿಗೇ ಹೋಗುವ."

ಹಾಗೇ ಮಾಡಿದೆವು. ಈಗ ಮಕ್ಕಳಿಬ್ಬರೂ ಅಲ್ಲಿಗೆ ನಡೆದೇ ಹೋಗುತ್ತಾರೆ. ಅಟ್ಯಾಕ್ ಪೂರ್ತಿ ನಿಂತಿಲ್ಲ. ಬರುತ್ತದೆ. ರಿಯಾ ಕೂತು ನಿಧಾನವಾಗಿ ಉಸಿರಾಡುತ್ತಾಳೆ. ಹೋಗುತ್ತದೆ. ಹೆಚ್ಚಿನ ದಿನ ಬಸ್ ಹತ್ತುತ್ತಾಳೆ. ಹತ್ತದ ದಿನ ನಾನು ಕಾಫಿ ಮಾಡಿಕೊಡುತ್ತೇನೆ.

ಮೊನ್ನೆ ಲಿಫ್ಟಿನಲ್ಲಿ ಕೆಳಮಹಡಿಯ ಸ್ಟೆಲ್ಲಾ ಬಾಯಿ, "ಎಲ್ಲಿಗೆ ಮಗಾ ಹೊರಟದ್ದು?" ಎಂದು ಕೇಳಿದರು. ಟ್ಯೂಶನ್ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ರಿಯಾ, ಹಲ್ಲಿನ ಡಾಕ್ಟರ ಹತ್ತಿರ ಹೊರಟವಳಷ್ಟು ಸಲೀಸಾಗಿ, "ಕೌನ್ಸೆಲರ್ ಹತ್ತಿರ, ಆಂಟಿ. ಐ ಗೆಟ್ ಪ್ಯಾನಿಕ್ ಅಟ್ಯಾಕ್ಸ್," ಅಂದಳು.

ಲಿಫ್ಟ್ ಕೆಳಗೆ ಬಂತು. ಸ್ಟೆಲ್ಲಾ ಬಾಯಿ ಹೊರಗೆ ಹೋಗಲಿಲ್ಲ. ಬಾಗಿಲಿಗೆ ಕೈ ಅಡ್ಡ ಹಿಡಿದು, ದನಿ ತಗ್ಗಿಸಿದರು.

"ನಮ್ಮ ಮಗ ಕೆವಿನ್‌ನನ್ನು ಸಹ ಅವರು ನೋಡ್ತಾರಾ?"

"ನೋಡ್ತಾರೆ ಆಂಟಿ. ಬನ್ನಿ, ಜಾಗ ತೋರಿಸ್ತೇನೆ."

ಇಬ್ಬರೂ ಬಿಸಿಲಿಗೆ ಇಳಿದರು. ನನ್ನ ಮಗಳು ಮುಂದೆ ನಡೆಯುತ್ತಿದ್ದಳು.